ಬೆಳಗಿನ ಮೊದಲ ಹತ್ತು ಹೆಜ್ಜೆ

ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತಿ ಇಳಿದವರಿಗೆ ಇದು ಗೊತ್ತು. ಹತ್ತುವಾಗ ಏದುಸಿರು, ಇಳಿಯುವಾಗ ಸಲೀಸು. ಆದರೆ ಮರುದಿನ, ಅದರ ಮರುದಿನ ಕೆಳಗೆ ಕೂತರೆ ಏಳಲಾಗದಂತೆ ಮಾಡುವುದು ಆ ಸಲೀಸಾದ ಇಳಿತವೇ. ಸಾವಿರ ಮೆಟ್ಟಿಲು ಇಳಿಯುವಷ್ಟು ಹೊತ್ತೂ ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಿಡಿದೇ ಇರುತ್ತದೆ. ಬಿಗಿಯಾಗಿರುವಾಗಲೇ ಉದ್ದಕ್ಕೆ ಎಳೆತವೂ ಬೀಳುತ್ತದೆ. ಆ ಜಗ್ಗಾಟದಲ್ಲಿ ನಾರುಗಳ ಒಳಗೆ ಸಣ್ಣ ಸಣ್ಣ ಹರಕುಗಳಾಗುತ್ತವೆ. ರಿಪೇರಿ ಶುರುವಾದ ಮೇಲೆ ಊತ, ನೋವು.

'ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಸಾರ್' ಎಂದು ಜಿಮ್ ಹುಡುಗರು ಇವತ್ತಿಗೂ ಹೇಳುತ್ತಾರೆ. ಪಾಪ, ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಆ ಆಮ್ಲದ ತಪ್ಪೇನಿಲ್ಲ. ಓಟ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅದು ಸ್ನಾಯುವಿನಿಂದ ಹೊರಟುಹೋಗಿರುತ್ತದೆ. ಎರಡನೇ ದಿನ ಬರುವ ನೋವಿಗೆ ಸ್ನಾಯುವಿನೊಳಗಿನ ಹರಕೇ ಕಾರಣ ಇರಬೇಕು ಎಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಾಫ್ 1902ರಲ್ಲೇ ಬರೆದಿದ್ದರು.

ಈ ನೋವಿಗೆ ನಾನು ಹೆದರುವುದಿಲ್ಲ. ನಾಲ್ಕೈದು ದಿನಕ್ಕೆ ಹೋಗುತ್ತದೆ. ಅದೇ ಕೆಲಸ ಎರಡನೇ ಸಲ ಮಾಡಿದರೆ ಅರ್ಧಕ್ಕರ್ಧ ಕಡಿಮೆ. ನನ್ನನ್ನು ಕಾಡಿದ್ದು ಬೇರೆ ನೋವು.

ಎರಡು ವರ್ಷ ಓಟ ಬಿಟ್ಟಿದ್ದೆ. ಬೆಂಗಳೂರಿನ 10ಕೆಗೆ, ಅಂದರೆ ಹತ್ತು ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮತ್ತೆ ಶುರು ಮಾಡಿದೆ. ಆರು ವಾರಕ್ಕೆ ಉಸಿರು ಹಳೇ ಲಯಕ್ಕೆ ಬಂತು. ಆಹಾ, ಇನ್ನೂ ಹುಡುಗನೇ ನಾನು ಅನಿಸಿತು. ಏಳನೇ ವಾರ ಬಲಗಾಲಿನ ಹಿಮ್ಮಡಿಯ ಮೇಲೆ, ಮೀನಖಂಡ ತೆಳ್ಳಗಾಗಿ ಹಗ್ಗದಂತಾಗುವ ಜಾಗದಲ್ಲಿ, ಸಣ್ಣಗೆ ಕೊರೆಯಲು ಶುರುವಾಯಿತು. ಮನೆಯಲ್ಲಿ 'ನರ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ' ಎಂದರು. ಅದು ನರ ಅಲ್ಲ, ಅಕಿಲಿಸ್ ಟೆಂಡನ್. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹಗ್ಗ.

ಹೃದಯ, ರಕ್ತ, ಸ್ನಾಯು ಎಲ್ಲ ವಾರಗಳ ಲೆಕ್ಕದಲ್ಲಿ ಸುಧಾರಿಸುತ್ತವೆ. ಈ ಹಗ್ಗದ ಲೆಕ್ಕವೇ ಬೇರೆ. ಎಷ್ಟು ಬೇರೆ ಎಂದು ತೋರಿಸಲು ಡೆನ್ಮಾರ್ಕಿನ ವಿಜ್ಞಾನಿಗಳಿಗೆ ಅಣುಬಾಂಬು ಬೇಕಾಯಿತು. 1955ರಿಂದ 1963ರವರೆಗೆ ನಡೆದ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಹೆಚ್ಚೂಕಡಿಮೆ ಇಮ್ಮಡಿಯಾಗಿತ್ತು. ಆಮೇಲೆ ನಿಧಾನಕ್ಕೆ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ಮೈಗೆ ಅದು ಸೇರಿತು. ಹಾಗಾಗಿ ದೇಹದ ಒಂದು ಭಾಗ ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಅದರಲ್ಲಿರುವ ಕಾರ್ಬನ್-14 ನೋಡಿ ಹೇಳಬಹುದು. ತೀರಿಕೊಂಡವರ ಅಕಿಲಿಸ್ ಟೆಂಡನ್‌ಗಳನ್ನು ಹೀಗೆ ಅಳೆದು 2013ರಲ್ಲಿ ಪ್ರಕಟಿಸಿದರು. ಟೆಂಡನ್ನಿನ ತಿರುಳು ಸುಮಾರು 17ನೇ ವಯಸ್ಸಿನವರೆಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ.

ಅಂದರೆ ನಾನು ಈಗ ಓಡುತ್ತಿರುವುದು ಪಿಯುಸಿ ಓದುವಾಗಿನ ಹಗ್ಗದ ಮೇಲೆ!

ಭಾರವೂ ಸಣ್ಣದಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಈ ಟೆಂಡನ್ ಮೇಲೆ ಮೈತೂಕದ ಆರು ಪಟ್ಟು ಎಳೆತ ಬೀಳಬಹುದು. 70 ಕೆ.ಜಿ. ಆಸಾಮಿಗೆ ನಾಲ್ಕು ಕ್ವಿಂಟಲ್‌ಗೂ ಜಾಸ್ತಿ. ನಿಮಿಷಕ್ಕೆ 160 ಹೆಜ್ಜೆಯಂತೆ 70 ನಿಮಿಷ ಓಡಿದರೆ ಒಂದೊಂದು ಕಾಲಿಗೆ 5,600 ಸಲ.

ಹಾಗಾದರೆ ಸುಮ್ನೆ ಕೂತುಬಿಡಬೇಕಾ? ಕೂತರೆ ನೋವು ಹೋಗುತ್ತದೆ, ಓಡಿದ ಕೂಡಲೇ ವಾಪಸ್ ಬರುತ್ತದೆ. ಯಾಕೆಂದರೆ ಭಾರ ಹೊರದ ಟೆಂಡನ್ ಇನ್ನಷ್ಟು ಬಡವಾಗುತ್ತದೆ. ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್‌ಸನ್ ಅವರಿಗೂ ಇದೇ ನೋವಿತ್ತು. ಆಪರೇಷನ್ ಮಾಡಿ ಎಂದು ಮೇಲಿನವರನ್ನು ಕೇಳಿದರೆ ಅವರು ಒಪ್ಪಲಿಲ್ಲವಂತೆ. ಸರಿ, ಟೆಂಡನ್ ಕಿತ್ತೇ ಹೋಗಲಿ, ಆಗ ಮಾಡಲೇಬೇಕಲ್ಲ ಎಂದು ಅದಕ್ಕೆ ಭಾರ ಹೇರುತ್ತಾ ಹೋದರು. ಕಿತ್ತುಹೋಗುವ ಬದಲು ನೋವೇ ಹೋಯಿತು ಎಂಬ ಕತೆ ಓಟಗಾರರ ನಡುವೆ ಪ್ರಸಿದ್ಧ. 1998ರಲ್ಲಿ ಅವರ ತಂಡ 15 ಓಟಗಾರರ ಮೇಲೆ ಇದನ್ನು ಪ್ರಯೋಗಿಸಿತು. ಮೆಟ್ಟಿಲ ತುದಿಯಲ್ಲಿ ಮುಂಗಾಲಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೇರವಾಗಿಟ್ಟು 45 ಸಲ, ಬಗ್ಗಿಸಿ 45 ಸಲ, ದಿನಕ್ಕೆರಡು ಹೊತ್ತು, 12 ವಾರ. ಹದಿನೈದೂ ಜನ ಓಟಕ್ಕೆ ಮರಳಿದರು. ಇಳಿಯುವಾಗ ತೊಡೆಯನ್ನು ನೋಯಿಸುವ ಆ ಬ್ರೇಕ್ ಕೆಲಸವೇ ಇಲ್ಲಿ ಮದ್ದಾಯಿತು ನೋಡಿ.

ನನಗೆ ಇನ್ನೂ ಉಪಯೋಗಕ್ಕೆ ಬಂದದ್ದು ಸ್ವೀಡನ್ನಿನದೇ ಇನ್ನೊಂದು ಅಧ್ಯಯನ, 2007ರದ್ದು. ಅಕಿಲಿಸ್ ನೋವಿದ್ದವರಿಗೆ ಕಸರತ್ತಿನ ಜೊತೆ ಓಡಲೂ ಬಿಟ್ಟರು. ನೋವಿಗೆ ಹತ್ತಕ್ಕೆ ಅಂಕ ಹಾಕಿ, ಐದು ದಾಟಬಾರದು. ಮರುದಿನ ಬೆಳಗ್ಗೆಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ಏರಬಾರದು. ಕಸರತ್ತು ಮಾತ್ರ ಮಾಡಿ ಓಟ ಬಿಟ್ಟವರಿಗಿಂತ ಇವರೇನೂ ಹಿಂದೆ ಬೀಳಲಿಲ್ಲ. ನಾನು ಪುಕ್ಕಲ, ಮೂರಕ್ಕೇ ಗೆರೆ ಎಳೆದುಕೊಂಡೆ. ಓಡುವಾಗಿನ ನೋವನ್ನು ನಂಬುವುದನ್ನೂ ಬಿಟ್ಟೆ. ಮೈ ಕಾದ ಮೇಲೆ ಟೆಂಡನ್ ನೋವು ಅಡಗಿಕೊಳ್ಳುತ್ತದೆ. ನಿಜ ಹೇಳುವುದು ಮರುದಿನ ಹಾಸಿಗೆಯಿಂದ ಇಳಿದಾಗಿನ ಮೊದಲ ಹತ್ತು ಹೆಜ್ಜೆ.

ಮೂಳೆಗೆ ಮಾತ್ರ ಈ ಅಂಕಗಣಿತ ಬೇಡ. ಕಾಲಿನ ಮುಂದಿನ ಮೂಳೆಯಲ್ಲಿ ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸುವಂಥ ನೋವು, ರಾತ್ರಿ ಮಲಗಿದರೂ ಕಾಡುವ ನೋವು ಇದ್ದರೆ ಓಟ ನಿಲ್ಲಿಸಿ ಡಾಕ್ಟರನ್ನು ನೋಡಬೇಕು. ಮೂಳೆ ರಿಪೇರಿಯಾಗುವಾಗ ಮೊದಲು ಹಳೆಯದನ್ನು ಅಗೆದು ತೆಗೆಯುತ್ತದೆ, ತುಂಬುವುದು ಆಮೇಲೆ. ಆ ನಡುವಿನ ವಾರಗಳಲ್ಲಿ ಓಡುತ್ತಲೇ ಇದ್ದರೆ ಬಿರುಕು ಬಿಡುತ್ತದೆ.

ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ದೂರ ಏರಿಸಬೇಡಿ ಎಂಬ ಉಪದೇಶವೂ ಸಿಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 2008ರಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿದರು. ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಐವರಲ್ಲಿ ಒಬ್ಬರಿಗೆ ಪೆಟ್ಟು. ಅದಕ್ಕೇ ನಾನು ಕ್ಯಾಲ್ಕುಲೇಟರ್ ಬಿಟ್ಟು ಬೆಳಗಿನ ಹೆಜ್ಜೆಯನ್ನೇ ನೋಡಿಕೊಂಡೆ.

ರೇಸ್ ದಿನ ಎಂಟನೇ ಕಿಲೋಮೀಟರಿನಲ್ಲಿ ನನಗಿಂತ ಹಿರಿಯರೊಬ್ಬರು 'ಬನ್ನಿ ಬನ್ನಿ' ಎನ್ನುತ್ತಾ ದಾಟಿ ಹೋದರು. ಹಿಂಬಾಲಿಸಲು ಉಸಿರಿತ್ತು, ಬಿಟ್ಟೆ. ಒಂದು ಗಂಟೆ ಹನ್ನೊಂದು ನಿಮಿಷ. ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಎಣಿಸಿದೆ. ನಾಲ್ಕನೇ ಹೆಜ್ಜೆವರೆಗೆ ಬಿಗಿ. ಅಡುಗೆಮನೆ ಬಾಗಿಲು ಮುಟ್ಟುವಷ್ಟರಲ್ಲಿ ಸಡಿಲವಾಗಿತ್ತು.