ಒಲೆ ಸೇರಿಸುವ ಮುಂಚೆ ಗ್ಯಾಸ್ ಪೈಪ್ ನೋಡಿ

ಪೈಪ್‌ಲೈನ್ ಗ್ಯಾಸ್ ಇರುವ ಬೆಂಗಳೂರಿನ ಹೋಟೆಲ್ ಅಡುಗೆಮನೆಗಳಿಂದ ನನಗೆ ಬರುವ ದೂರು ಬಹುಪಾಲು ಒಂದೇ. ಬೆಳಿಗ್ಗೆ ಉರಿ ಚೆನ್ನಾಗಿರುತ್ತದೆ, ಟಿಫಿನ್ ರಶ್ ಶುರುವಾದರೆ ದೋಸೆ ಕಾವಲಿ ಕಾಯುವುದೇ ಇಲ್ಲ. ಗ್ಯಾಸ್ ಕಂಪನಿಯವರು ಪ್ರೆಶರ್ ಕಮ್ಮಿ ಮಾಡಿದ್ದಾರೆ ಅಂತ ಮಾಲೀಕರು ಅಂದುಕೊಳ್ಳುತ್ತಾರೆ. ಮೀಟರ್ ಹತ್ತಿರ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದರೆ ಸಾಮಾನ್ಯವಾಗಿ ಎಲ್ಲ ಸರಿಯಾಗೇ ಇರುತ್ತದೆ. ಒತ್ತಡ ಕಮ್ಮಿಯಾಗುವುದು ಅಲ್ಲಿಂದ ಒಲೆಯವರೆಗಿನ ಪೈಪಿನಲ್ಲಿ.

ಮೂರು ಒಲೆಗೆ ಅಂತ ಹಾಕಿದ ಅರ್ಧ ಇಂಚಿನ ಪೈಪಿಗೇ ‘T’ ಆಕಾರದ ಕವಲು ಕೂರಿಸಿ ಇನ್ನೂ ಮೂರು ಒಲೆ ಸೇರಿಸಿರುತ್ತಾರೆ. ಗ್ಯಾಸ್ ಎರಡರಷ್ಟು ಹರಿದರೆ ಪೈಪಿನಲ್ಲಿ ಕಳೆದುಹೋಗುವ ಒತ್ತಡ ಸುಮಾರು ನಾಲ್ಕರಷ್ಟಾಗುತ್ತದೆ. ಅದೇ ಪೈಪನ್ನು ಮುಕ್ಕಾಲು ಇಂಚು ಮಾಡಿ. ಅಷ್ಟೇ ಗ್ಯಾಸಿಗೆ ನಷ್ಟ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಬಿಟ್ಟು ರೆಗ್ಯುಲೇಟರ್ ತಿರುಗಿಸಿ ಒತ್ತಡ ಏರಿಸುವುದು ಅಪಾಯ. ರಶ್ ಮುಗಿದು ಒಂದೇ ಒಲೆ ಉರಿಯುವಾಗ ಜ್ವಾಲೆ ಬರ್ನರ್ ಬಿಟ್ಟು ಮೇಲೇಳುತ್ತದೆ.

ಮನೆಗಳ ಕಥೆ ಬೇರೆ. ಅಲ್ಲಿ ಒಲೆಗೆ ಬರುವ ಒತ್ತಡ ಬರೀ 21 ಮಿಲಿಬಾರ್. ಅಂದರೆ ಒಂದು ಗೇಣಿನಷ್ಟು ಎತ್ತರದ ನೀರಿನ ಒತ್ತಡ, ಅಷ್ಟೇ. ನನಗೆ ಭಯ ಹುಟ್ಟಿಸುವುದು ಒತ್ತಡ ಅಲ್ಲ, ಮಾಡ್ಯುಲರ್ ಕಿಚನ್. ಪೈಪನ್ನು ಕ್ಯಾಬಿನೆಟ್ ಹಿಂದೆ ಮುಚ್ಚುತ್ತಾರೆ. ಗ್ಯಾಸ್ ಬಂದ್ ಮಾಡುವ ವಾಲ್ವ್ ಡ್ರಾಯರ್ ಹಿಂದೆ ಸಿಕ್ಕಿಕೊಳ್ಳುತ್ತದೆ. ವಾಸನೆ ಬಂದ ರಾತ್ರಿ ಮನೆಯವರು ಅದನ್ನು ಎಲ್ಲಿ ಹುಡುಕಬೇಕು?

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಪೈಪ್‌ಲೈನ್‌ನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಸೀಲಿಂಗ್ ಕಡೆ ಏರುತ್ತದೆ. ಹಾಗಾಗಿ ಗಾಳಿಕಿಂಡಿ ಮೇಲೂ ಇರಲೇಬೇಕು. ಎಷ್ಟೋ ಮನೆಗಳಲ್ಲಿ ಫಾಲ್ಸ್ ಸೀಲಿಂಗ್ ಹಾಕುವಾಗ ಅದನ್ನೇ ಮುಚ್ಚಿಬಿಡುತ್ತಾರೆ. ಪೈಪ್ ಹಾದುಹೋಗುವ ಕ್ಯಾಬಿನೆಟ್‌ಗೂ ಜಾಲರಿ ಬಾಗಿಲು ಹಾಕಿಸಿ.

ಸಿಲಿಂಡರ್‌ನಿಂದ ಪೈಪ್‌ಲೈನ್‌ಗೆ ಬದಲಾದವರು ಒಲೆಯ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗ) ಬದಲಿಸಿದ್ದಾರಾ ಅಂತ ಕೇಳಿಕೊಳ್ಳಿ. ಒಲೆಗೆ ಹೋಗುವ ರಬ್ಬರ್ ಹೋಸ್ ಮೇಲೆ ಅವಧಿ ಮುದ್ರಿಸಿರುತ್ತದೆ, ಅದನ್ನೂ ನೋಡಿ.

ಬಡಗಿ ಕೆಲಸ ಮುಗಿಸಿ ಪ್ಯಾನೆಲ್ ಕೂರಿಸುವ ಮುಂಚೆಯೇ ಗ್ಯಾಸ್ ಕಂಪನಿಯವರನ್ನು ಕರೆಸಿ, ಪ್ರೆಶರ್ ಟೆಸ್ಟ್ ಮಾಡಿಸಿ. ಗೇಜ್ ಮುಳ್ಳು ಇಳಿಯುತ್ತಿದ್ದರೆ ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ನೋಡಬಹುದು. ಗೋಡೆ ಮುಚ್ಚಿದ ಮೇಲೆ ಇದು ಆಗುವ ಕೆಲಸ ಅಲ್ಲ.