ಜಿಂಕೆಯ ಕಾಲಿಗೆ ಕಟ್ಟುವ ಚೀಟಿ

ನನ್ನ ದಿನ ಶುರುವಾಗುವುದು ಒಂದು ಚೀಟಿಯಿಂದ. ಇಂಗ್ಲೆಂಡಿನಲ್ಲಿ ಬೇಟೆ ಮಾಂಸ ಸಂಸ್ಕರಿಸುವ ಒಂದು ಘಟಕದಲ್ಲಿ ನಾನು ಪಶುವೈದ್ಯ. ಬೆಳಗ್ಗೆ ವ್ಯಾನ್ ಬರುತ್ತದೆ. ಚರ್ಮ ಸುಲಿಯದ ಜಿಂಕೆಗಳನ್ನು ಇಳಿಸಿ ಕೊಕ್ಕೆಗೆ ತೂಗುಹಾಕುತ್ತಾರೆ. ನಾನು ಮೊದಲು ಮಾಂಸ ನೋಡುವುದಿಲ್ಲ, ಪ್ರತಿ ಜಿಂಕೆಗೂ ಕಟ್ಟಿರುವ ಚೀಟಿ ಓದುತ್ತೇನೆ. ಒಂದು ಸಂಖ್ಯೆ, ಕೊಂದ ದಿನ, ಹೊತ್ತು, ಜಾಗ, ಬೇಟೆಯಾಡಿದವರ ಸಹಿ. ಜೊತೆಗೆ ಮೂರು ಮಾತಿನ ಒಂದು ಹೇಳಿಕೆ: ಸಾಯುವ ಮುಂಚೆ ಅದರ ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಡಲಲ್ಲಿ ದೋಷ ಕಾಣಲಿಲ್ಲ, ಸುತ್ತಲಿನ ಜಾಗದಿಂದ ವಿಷ ಸೇರಿದ ಅನುಮಾನ ಇಲ್ಲ.

ಇದರಲ್ಲಿ ಎರಡನೆಯದನ್ನು ನಾನೂ ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಲ್ಲೆ. ಮೊದಲನೆಯದನ್ನು ಪರೀಕ್ಷಿಸಲು ನನ್ನಿಂದ ಸಾಧ್ಯವೇ ಇಲ್ಲ. ಕಸಾಯಿಖಾನೆಗೆ ಕುರಿ ಬಂದರೆ ಅದು ನಡೆಯುವುದನ್ನು, ಉಸಿರಾಡುವುದನ್ನು ಪಶುವೈದ್ಯರು ನೋಡಿದ ಮೇಲೇ ಕತ್ತಿ ಏಳುತ್ತದೆ. ಹೆಬ್ಬಾಳದ ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಅದೇ. ಕಾಡಿನ ಜಿಂಕೆಗೆ ಆ ಭಾಗ್ಯ ಇಲ್ಲ. ಅದನ್ನು ಜೀವಂತವಾಗಿ ನೋಡಿದ್ದು ಗುಂಡು ಹೊಡೆದವರು ಮಾತ್ರ. ಕುಂಟುತ್ತಿತ್ತಾ, ಜೊಲ್ಲು ಸುರಿಸುತ್ತಿತ್ತಾ, ಹಿಂಡು ಬಿಟ್ಟು ಒಂಟಿಯಾಗಿ ನಿಂತಿತ್ತಾ, ಮನುಷ್ಯರನ್ನು ಕಂಡರೂ ಕದಲಲಿಲ್ವಾ? ಆ ಹತ್ತು ನಿಮಿಷದ ಮಟ್ಟಿಗೆ ಪಶುವೈದ್ಯರು ಬಂದೂಕು ಹಿಡಿದ ನೀವೇ.

ಇಲ್ಲಿರುವ ಕನ್ನಡದ ಗೆಳೆಯರಲ್ಲಿ ಕೆಲವರು ಜಿಂಕೆ ಬೇಟೆಯ ಅರ್ಹತಾ ಪತ್ರಕ್ಕೆ ಓದುತ್ತಿದ್ದಾರೆ. ‘ಗುರಿ ಹೊಡೆಯೋದು ಕಲಿತಾಯ್ತು, ಸತ್ತ ಮೇಲಿನ ಕೆಲಸಕ್ಕೆ ಯಾಕೆ ಇಷ್ಟೊಂದು ಪರೀಕ್ಷೆ?’ ಅಂತ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುವವರಿಗೂ ಒಂದು ಮಾತು ಹೇಳಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆಗಳನ್ನು ಹೊಡೆಯುವುದು ಅಪರಾಧ, ಅದು ಸರಿಯೂ ಹೌದು. ನಮ್ಮ ಕಾಡಿನಲ್ಲಿ ಹುಲಿ, ಚಿರತೆ, ಕಾಡುನಾಯಿಗಳಿವೆ. ಬ್ರಿಟನ್ನಿನಲ್ಲಿ ತೋಳ, ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕು ಅಳಿದು ನೂರಾರು ವರ್ಷವಾಯಿತು. ಕೆಂಪು ಜಿಂಕೆ, ರೋ, ಫ್ಯಾಲೋ, ಸಿಕಾ, ಮಂಟ್‌ಜಾಕ್, ಚೈನೀಸ್ ವಾಟರ್ ಡಿಯರ್ ಅಂತ ಇಲ್ಲಿ ಆರು ಜಾತಿ. ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ಸಂಬಂಧಿಯೇ ಈ ಮಂಟ್‌ಜಾಕ್. ಚೀನಾ ಕಡೆಯಿಂದ ತಂದು ಸಾಕಿದ್ದವು ತಪ್ಪಿಸಿಕೊಂಡು ಹರಡಿವೆ. ಹಿಡಿದು ತಿನ್ನುವ ಪ್ರಾಣಿ ಇಲ್ಲದೆ ಜಿಂಕೆಗಳ ಸಂಖ್ಯೆ ಏರಿದರೆ ಕಾಡಿನ ಎಳೆ ಸಸಿ ಒಂದೂ ಉಳಿಯುವುದಿಲ್ಲ. ಹಾಗಾಗಿ ಕಾನೂನಿನ ಚೌಕಟ್ಟಿನಲ್ಲಿ ಬೇಟೆ ನಡೆಯುತ್ತದೆ, ಮಾಂಸ ಅಂಗಡಿಗೆ ಬರುತ್ತದೆ.

ಅರ್ಹತಾ ಪತ್ರಕ್ಕೆ (ಡೀರ್ ಸ್ಟಾಕಿಂಗ್ ಸರ್ಟಿಫಿಕೇಟ್) ಡಿಎಸ್‌ಸಿ ಒಂದು, ಡಿಎಸ್‌ಸಿ ಎರಡು ಅಂತ ಎರಡು ಹಂತ. ಮೊದಲನೆಯದರಲ್ಲಿ ಬರಹದ ಪರೀಕ್ಷೆ, ಜಾತಿ ಗುರುತಿಸುವುದು, ಬಂದೂಕಿನ ಸುರಕ್ಷತೆ, ಗುರಿ. ಎರಡನೆಯದರಲ್ಲಿ ಮಾನ್ಯತೆ ಪಡೆದ ಸಾಕ್ಷಿಯ ಕಣ್ಣೆದುರೇ ಬೇಟೆಯಾಡಿ, ಹೊಟ್ಟೆ ಬಿಡಿಸಿ, ಅಂಗಾಂಗ ಪರೀಕ್ಷಿಸಿ ತೋರಿಸಬೇಕು. ನಮ್ಮಂಥ ಘಟಕಕ್ಕೆ ಜಿಂಕೆ ಮಾರಬೇಕಾದರೆ ‘ತರಬೇತಾದ ಬೇಟೆಗಾರ’ ಎಂಬ ಮನ್ನಣೆ ಬೇಕು. 2006ರಲ್ಲಿ ಜಾರಿಗೆ ಬಂದ ಯುರೋಪಿನ ಆಹಾರ ನಿಯಮದಲ್ಲಿ ಇದು ಬಂತು, ಬ್ರೆಕ್ಸಿಟ್ ನಂತರವೂ ಉಳಿದಿದೆ.

ಇನ್ನು ಕೈಕೆಲಸ. ಇಲ್ಲಿ ಹೊಟ್ಟೆ ಬಿಡಿಸುವುದಕ್ಕೆ ‘ಗ್ರಾಲಕ್’ ಅಂತಾರೆ. ನಾನು ಅಭ್ಯರ್ಥಿಗಳಿಗೆ ಜಾಸ್ತಿ ಹೊತ್ತು ಹೇಳಿಕೊಡುವುದು ಅನ್ನನಾಳದ ಗಂಟನ್ನು. ಕತ್ತಿನ ಬುಡದಲ್ಲಿ ಕುಯ್ದು ರಕ್ತ ಇಳಿಸಿದ ಮೇಲೆ ಶ್ವಾಸನಾಳದ ಪಕ್ಕದಲ್ಲಿ ಅನ್ನನಾಳ ಬೆರಳಿಗೆ ಸಿಗುತ್ತದೆ. ಶ್ವಾಸನಾಳ ಗಟ್ಟಿ, ಉಂಗುರ ಉಂಗುರ. ಅನ್ನನಾಳ ಮೆತ್ತಗೆ, ಒದ್ದೆ ಹಗ್ಗದ ಹಾಗೆ. ಅದನ್ನು ಬೇರ್ಪಡಿಸಿ ಬಿಗಿಯಾಗಿ ಗಂಟು ಹಾಕಬೇಕು. ಜಿಂಕೆ ಮೆಲುಕು ಹಾಕುವ ಪ್ರಾಣಿ, ಹಸುವಿನ ಹಾಗೆ ದೊಡ್ಡ ಹೊಟ್ಟೆ ತುಂಬಾ ಹುಳಿಬಂದ ಮೇವಿರುತ್ತದೆ. ಗಂಟು ಸಡಿಲವಾದರೆ ಹೊಟ್ಟೆಯನ್ನು ಎಳೆಯುವಾಗ ಆ ಹಸಿರು ರಸ ಎದೆಯ ಗೂಡಿಗೆಲ್ಲ ಚೆಲ್ಲುತ್ತದೆ. ಹೊಟ್ಟೆಯ ಮೇಲಿನ ಗೀರೂ ಅಷ್ಟೇ. ಎಡಗೈಯ ಎರಡು ಬೆರಳು ಒಳಗೆ ತೂರಿಸಿ, ಅವುಗಳ ನಡುವೆ ಚಾಕುವಿನ ಬಾಯಿ ಮೇಲ್ಮುಖವಾಗಿ ಹಿಡಿದು ಸರಿಸಬೇಕು. ಮೊನೆ ಕೆಳಗಾದರೆ ಹೊಟ್ಟೆಗೇ ಚುಚ್ಚಿಕೊಳ್ಳುತ್ತದೆ.

ಗುಂಡು ಹಿಂದೆ ಸರಿದು ಹೊಟ್ಟೆಗೆ ಬಿದ್ದಿದ್ದರೆ? ಹೊಸಬರು ಮಾಡುವ ಮೊದಲ ಕೆಲಸ ನೀರು ಹುಯ್ಯುವುದು. ದಯವಿಟ್ಟು ಮಾಡಬೇಡಿ. ನೀರು ಕೊಳೆಯನ್ನು ತೆಗೆಯುವುದಿಲ್ಲ, ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಕಣ್ಣಿಗೆ ಚೊಕ್ಕಟವಾಗಿ ಕಾಣುವುದರಿಂದ ಮುಂದಿನವರು ಮೋಸ ಹೋಗುತ್ತಾರೆ. ಕೊಳೆಯಾದ ಭಾಗವನ್ನು ಸುತ್ತಲಿನ ಮಾಂಸದ ಸಮೇತ ಕತ್ತರಿಸಿ ಎಸೆಯಿರಿ. ಹೊಲಸು ಎಲ್ಲ ಕಡೆ ಹರಡಿದ್ದರೆ ಇಡೀ ಜಿಂಕೆಯನ್ನೇ ಬಿಟ್ಟುಬಿಡಿ. ನಷ್ಟವಾಗುತ್ತದೆ, ಹೌದು. ಆದರೆ 2015ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಿಂಕೆ ಮಾಂಸದ ತಿನಿಸಿನಿಂದ ಇ. ಕೋಲೈ ಓ157 ಹರಡಿ ಜನ ಕಾಯಿಲೆ ಬಿದ್ದರು. ಆ ಸೂಕ್ಷ್ಮಾಣು ಇರುವುದು ಕರುಳಿನಲ್ಲೇ.

ಪರೀಕ್ಷೆಯಲ್ಲಿ ಹೆಚ್ಚಿನವರು ತಡವರಿಸುವುದು ದುಗ್ಧಗ್ರಂಥಿಗಳಲ್ಲಿ, ಅಂದ್ರೆ ಸೋಂಕು ತಗುಲಿದರೆ ಊದುವ ಲಿಂಫ್ ನೋಡ್‌ಗಳಲ್ಲಿ. ದವಡೆಯ ಕೆಳಗೆ, ಗಂಟಲ ಹಿಂದೆ, ಶ್ವಾಸಕೋಶಗಳ ನಡುವೆ, ಲಿವರ್‌ನ ಬುಡದಲ್ಲಿ, ಕರುಳನ್ನು ಹಿಡಿದಿಟ್ಟ ಪೊರೆಯಲ್ಲಿ ಅವು ಇರುತ್ತವೆ. ಹೆಸರು ಬಾಯಿಪಾಠ ಮಾಡಿದರೆ ಸಾಲದು, ಬೆರಳು ಕಲಿಯಬೇಕು. ಆರೋಗ್ಯವಂತ ಜಿಂಕೆಯ ಗ್ರಂಥಿ ನುಣುಪಾಗಿ, ಒತ್ತಿದರೆ ತುಸು ಮೆದುವಾಗಿರುತ್ತದೆ. ನೂರು ಒಳ್ಳೆಯದನ್ನು ಮುಟ್ಟಿ ನೋಡಿದವರಿಗೆ ಕೆಟ್ಟದ್ದೊಂದು ಸಿಕ್ಕಾಗ ಯಾರೂ ಹೇಳಿಕೊಡಬೇಕಿಲ್ಲ.

ಒಂದು ಚಳಿಗಾಲ ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಫ್ಯಾಲೋ ಹೆಣ್ಣೊಂದರ ಕರುಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿದ್ದ. ಹೊರಗಿನಿಂದ ಜಿಂಕೆ ದಷ್ಟಪುಷ್ಟ, ಮೂತ್ರಪಿಂಡದ ಸುತ್ತ ಬೆಳ್ಳಗೆ ಕೊಬ್ಬು. ಪೊರೆಯ ಉದ್ದಕ್ಕೂ ಬೆರಳಾಡಿಸುತ್ತಾ ಹೋದವನು ಒಂದು ಕಡೆ ನಿಂತ. ಅಲ್ಲಿ ನಿಂಬೆಕಾಯಿ ಗಾತ್ರದ ಗಂಟು. ಅದರ ಮಗ್ಗುಲಲ್ಲಿ ಇನ್ನೊಂದು ಆಗಲೇ ಒಡೆದು, ಹಳದಿ ಬೆರೆತ ಕೆನೆಯಂಥ ದಪ್ಪ ಕೀವು ಕಾಣುತ್ತಿತ್ತು. ‘ಸಾರ್, ಕುಯ್ದು ನೋಡ್ಲಾ?’ ಅಂದ. ಬೇಡ ಅಂದೆ. ಅನುಮಾನ ಬಂದ ಮೇಲೆ ಚಾಕು ಕೆಳಗಿಡಬೇಕು, ಕುಯ್ಯುತ್ತಾ ಹೋದರೆ ರೋಗ ಕೈಗೆ, ಚಾಕುವಿಗೆ, ಪಕ್ಕದ ಜಿಂಕೆಗೆ. ನಮಗೆ ಬಂದ ಅನುಮಾನ ದನದ ಕ್ಷಯದ್ದು. ಅದು ಜಿಂಕೆಗೂ ಬರುತ್ತದೆ, ಮನುಷ್ಯರಿಗೂ ಅಂಟಬಲ್ಲದು. ಅನುಮಾನ ಬಂದರೂ ಸಾಕು, ಸರ್ಕಾರದ ಪಶು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಕಾಲುಬಾಯಿ ಜ್ವರ, ನೀಲಿ ನಾಲಿಗೆ ರೋಗ, ನೆರಡಿ ರೋಗಕ್ಕೂ (ಆಂಥ್ರಾಕ್ಸ್) ಇದೇ ನಿಯಮ. ನಾವು ಆ ಕಳೇಬರವನ್ನು, ತಲೆ, ಅಂಗಾಂಗಗಳ ಸಮೇತ ಬೇರೆ ಇಟ್ಟೆವು. ಹುಡುಗ ಕೈಗವಸು ಬದಲಿಸಿ, ಚಾಕು ತೊಳೆದು ಸೋಂಕು ಕಳೆದು, ಆಮೇಲೆ ಫೋನ್ ಮಾಡಿದ. ಅವನ ಧ್ವನಿ ನಡುಗುತ್ತಿತ್ತು, ಆದರೆ ಕೊಂದ ಜಾಗ, ಹೊತ್ತು ಎಲ್ಲವನ್ನೂ ತಡವರಿಸದೆ ಹೇಳಿದ.

ದೋಷ ಕಂಡಾಗ ‘ಎಲ್ಲ ಸರಿ’ ಎನ್ನುವ ಚೀಟಿ ಕಟ್ಟುವಂತಿಲ್ಲ ಅನ್ನುವುದು ಗೊತ್ತೇ ಇದೆ. ಸಣ್ಣ ಅನುಮಾನವಿದ್ದರೂ ಏನು ಕಂಡಿರಿ ಅಂತ ಬರೆದು, ಕೊಂಬು ಬಿಟ್ಟು ತಲೆ, ಹೊಟ್ಟೆ ಕರುಳು ಬಿಟ್ಟು ಉಳಿದ ಅಂಗಗಳನ್ನು ಜೊತೆಗೇ ಕಳಿಸಬೇಕು. ಹಾಗೆ ಬರೆದು ಕಳಿಸಿದವರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ತಣ್ಣಗೆ ಮಾಡುವ ವಿಷಯ ಚಿಕ್ಕದು, ಆದರೆ ಬೇಸಿಗೆಯಲ್ಲಿ ಮಾಂಸ ಕೆಡುವುದು ಇಲ್ಲೇ. ಮಾಂಸದ ಒಳಗಿನ ತನಕ 7 ಡಿಗ್ರಿಗೆ ಇಳಿಯಬೇಕು. ರೋ ಗಂಡಿನ ಬೇಟೆ ಇಂಗ್ಲೆಂಡಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ, ನಡುವೆ ಜುಲೈ ಆಗಸ್ಟಿನ ಬಿಸಿಲು. ತುಪ್ಪಳ ಬೇರೆ ಕಂಬಳಿಯಂತೆ ಶಾಖ ಹಿಡಿದಿಡುತ್ತದೆ. ಎದೆಗೂಡಿಗೆ ಕಡ್ಡಿ ಕೊಟ್ಟು ಅಗಲಿಸಿ, ಗಾಳಿಯಾಡುವ ಹಾಗೆ ತೂಗುಹಾಕಿ. ವಾಹನದಲ್ಲಿ ಒಂದರ ಮೇಲೊಂದು ರಾಶಿ ಹಾಕುವುದನ್ನು ನಿಯಮವೇ ಒಪ್ಪುವುದಿಲ್ಲ.

ಕೈಗವಸು ಮರೆಯಬೇಡಿ. ಜಿಂಕೆ ತಣ್ಣಗಾಗುತ್ತಿದ್ದಂತೆ ಉಣುಗುಗಳು ಬಿಸಿ ಮೈ ಹುಡುಕಿಕೊಂಡು ನಿಮ್ಮ ಮೇಲೆ ಹತ್ತುತ್ತವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ಮಲೆನಾಡಿನವರು ಕಂಡಿದ್ದಾರೆ. ಇಲ್ಲಿ ಅದರ ಜಾಗದಲ್ಲಿ ಲೈಮ್ ಕಾಯಿಲೆ ಇದೆ. ಮನೆಗೆ ಹೋದ ತಕ್ಷಣ ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ.

ಪರೀಕ್ಷೆಯ ದಿನ ಸಾಕ್ಷಿಯ ಮುಂದೆ ನಿಂತಾಗ ಮೌನವಾಗಿ ಕೆಲಸ ಮಾಡಬೇಡಿ. ನೋಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ: ಹಿಂಡಿನ ಜೊತೆ ಮೇಯುತ್ತಿತ್ತು, ನಾಲ್ಕೂ ಕಾಲು ಸರಿಯಾಗಿ ಊರುತ್ತಿತ್ತು, ಲಿವರ್‌ನ ಅಂಚು ಚೂಪಾಗಿದೆ, ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಲ್ಲ, ಗ್ರಂಥಿ ಇಲ್ಲಿದೆ, ಇಲ್ಲಿದೆ, ಇಲ್ಲಿದೆ. ಚೀಟಿಯನ್ನು ಕೊನೆಗೆ, ಕೈ ತೊಳೆದುಕೊಂಡು, ನಿಧಾನವಾಗಿ ತುಂಬಿ. ಮರುದಿನ ಬೆಳಗ್ಗೆ ಅದನ್ನು ಓದಲು ನನ್ನಂಥವರೊಬ್ಬರು ಕಾಯುತ್ತಿರುತ್ತಾರೆ.