ಬಿಸಾಡುವ ತುಣುಕಿನಲ್ಲಿ ಒಂದು ತಪ್ಪು

"ಮೂರು ವರ್ಷ ಆತ್ರೀ ಮೇಡಂ, ಐರನ್ ಗುಳಿಗೆ ನುಂಗಿ ನುಂಗಿ ಸಾಕಾಗೈತಿ. ರಕ್ತ ಮಾತ್ರ ಏರ್ತಾನೇ ಇಲ್ಲ."

ಚನ್ನಗಿರಿ ಕಡೆಯ ಆ ಹೆಣ್ಣುಮಗಳಿಗೆ ಹೊಸದಾಗಿ ಮದುವೆಯಾಗಿತ್ತು. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಹಿಮೋಗ್ಲೋಬಿನ್ 10.4 ಬಂತು. ಆದರೆ ಕೆಂಪು ಕಣಗಳ ಎಣಿಕೆ 55 ಲಕ್ಷ! ಕಬ್ಬಿಣದ ಕೊರತೆಯಿದ್ದರೆ ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ಇಲ್ಲಿ ಕಣಗಳು ಜಾಸ್ತಿ ಇವೆ, ಆದರೆ ಪುಟಾಣಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ ನಾರ್ಮಲ್. ಅಂದರೆ ಕಬ್ಬಿಣ ಬೇಕಾದಷ್ಟಿದೆ, ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿನ ತಯಾರಿಯಲ್ಲೇ ಏನೋ ಎಡವಟ್ಟು.

ಈ ತಯಾರಿ ಹೇಗೆ ನಡೆಯುತ್ತದೆ? ಹಳೆಯ ಜಮೀನಿನ ದಾಖಲೆ ತೆಗೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂಲ ಪುಸ್ತಕ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಬಿಟ್ಟು ಹೊರಗೆ ಬರುವುದಿಲ್ಲ, ನಕಲು ಮಾತ್ರ ಕೊಡುತ್ತಾರೆ. ಡಿಎನ್‌ಎ ಕೂಡ ಹಾಗೆಯೇ, ಜೀವಕೋಶದ ಕೇಂದ್ರದಲ್ಲೇ ಇರುತ್ತದೆ. ಬೇಕಾದ ಜೀನಿನದಷ್ಟೇ ಆರ್‌ಎನ್‌ಎ ನಕಲು ತಯಾರಾಗಿ ಹೊರಗೆ ಹೋಗುತ್ತದೆ. ಪಠ್ಯಪುಸ್ತಕ ಇದನ್ನು ಟ್ರಾನ್ಸ್‌ಕ್ರಿಪ್ಷನ್ ಎನ್ನುತ್ತದೆ.

ಮೊದಲು ಬರುವುದು ಕರಡು ನಕಲು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್ ಸುಮಾರು 1,600 ಅಕ್ಷರ ಉದ್ದ. ಪ್ರೋಟೀನಿಗೆ ಬೇಕಾದದ್ದು ಅದರಲ್ಲಿ 444 ಅಕ್ಷರ. ನಡುವೆ ಎರಡು ತುಣುಕುಗಳಿವೆ, ಇಂಟ್ರಾನ್ ಅಂತ. ಕೋಶ ಅವನ್ನು ಕತ್ತರಿಸಿ ಬಿಸಾಡಿ ಉಳಿದದ್ದನ್ನು ಜೋಡಿಸುತ್ತದೆ. ಆ ನಕಲು ಹೊರಗೆ ಬಂದಾಗ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಕೂ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ಇಟ್ಟಿಗೆ. ಅದನ್ನು ಹೊತ್ತು ತರುವುದು ಇನ್ನೊಂದು ಪುಟ್ಟ ಆರ್‌ಎನ್‌ಎ. ಈ ಓದುವ ಕೆಲಸವೇ ಟ್ರಾನ್ಸ್‌ಲೇಷನ್. ಒಟ್ಟು 64 ಜೋಡಣೆಗಳಲ್ಲಿ 61ಕ್ಕೆ ಅಮೈನೋ ಆಮ್ಲವಿದೆ, ಮೂರು 'ಇಲ್ಲಿಗೆ ನಿಲ್ಲು' ಅನ್ನುತ್ತವೆ. ಈ ಗುಟ್ಟು ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರ್‌ಗೋಬಿಂದ್ ಖೊರಾನಾ ಒಬ್ಬರು.

ಇದೆಲ್ಲ ಕಣ್ಣಿಗೆ ಕಾಣದ ಮಾತು ಅಂದುಕೊಳ್ಳಬೇಡಿ. ಕೆಂಪು ಕಣ ಮೂಳೆಮಜ್ಜೆಯಿಂದ ಹೊರಡುವ ಮೊದಲು ತನ್ನ ಕೇಂದ್ರವನ್ನೇ ಹೊರಹಾಕುತ್ತದೆ. ಮೂಲ ದಾಖಲೆ ಹೋಯಿತು, ಆದರೂ ಉಳಿದ ನಕಲುಗಳಿಂದ ಒಂದೆರಡು ದಿನ ಹಿಮೋಗ್ಲೋಬಿನ್ ತಯಾರಾಗುತ್ತಲೇ ಇರುತ್ತದೆ. ಈ ಎಳೆ ಕಣಕ್ಕೆ ರೆಟಿಕ್ಯುಲೋಸೈಟ್ ಎಂದು ಹೆಸರು. ಬ್ರಿಲಿಯಂಟ್ ಕ್ರೆಸೈಲ್ ಬ್ಲೂ ಬಣ್ಣ ಹಾಕಿದರೆ ಒಳಗೆ ನೀಲಿ ಬಲೆ ಕಾಣಿಸುತ್ತದೆ. ಅದು ರೈಬೋಸೋಮ್‌ಗಳ ಆರ್‌ಎನ್‌ಎ! ಇಷ್ಟು ವರ್ಷವಾದರೂ ಅದನ್ನು ನೋಡಿದಾಗ ನನಗೆ ಖುಷಿಯಾಗುತ್ತದೆ.

ಆಕೆಯ ರಕ್ತದಲ್ಲಿ ಎಚ್‌ಬಿಎ2 ಅನ್ನುವ ಬಗೆಯ ಹಿಮೋಗ್ಲೋಬಿನ್ ಶೇ. 5.2 ಬಂತು. 3.5ಕ್ಕಿಂತ ಜಾಸ್ತಿಯಿದ್ದರೆ ಬೀಟಾ ಥಲಸೇಮಿಯಾ ಮೈನರ್, ಅಂದರೆ ಎರಡು ಬೀಟಾ ಜೀನ್‌ಗಳಲ್ಲಿ ಒಂದರಲ್ಲಿ ಮಾತ್ರ ತಪ್ಪು, ಅಂತ ಅನುಮಾನಿಸಬೇಕು. ಡಿಎನ್‌ಎ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿದ್ದು ಮೊದಲ ಇಂಟ್ರಾನ್‌ನ ಐದನೇ ಅಕ್ಷರದಲ್ಲಿ. 'ಜಿ' ಇರಬೇಕಾದಲ್ಲಿ 'ಸಿ'. ಭಾರತದಲ್ಲಿ ಬೀಟಾ ಥಲಸೇಮಿಯಾಕ್ಕೆ ಅತಿ ಹೆಚ್ಚಾಗಿ ಕಾಣುವ ತಪ್ಪು ಇದೇ.

ಬಿಸಾಡುವ ತುಣುಕು ತಾನೇ, ಅಲ್ಲಿ ತಪ್ಪಿದ್ದರೇನು? ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಕತ್ತರಿ ಎಲ್ಲಿ ಇಡಬೇಕು ಅನ್ನುವ ಗುರುತು ಇರುವುದೇ ಆ ಅಂಚಿನಲ್ಲಿ. ಗುರುತು ಮಸುಕಾದರೆ ಕೋಶ ಒಮ್ಮೊಮ್ಮೆ 16 ಅಕ್ಷರ ಮುಂಚೆಯೇ ಕತ್ತರಿಸುತ್ತದೆ, ಒಮ್ಮೊಮ್ಮೆ 13 ಅಕ್ಷರ ದಾಟಿ. ಎರಡನ್ನೂ ಮೂರರಿಂದ ಭಾಗಿಸಿ ನೋಡಿ, ಒಂದು ಉಳಿಯುತ್ತದೆ. ಮೂರು ಮೂರರ ಲೆಕ್ಕ ತಪ್ಪಿ ಮುಂದಿನ ಓದೆಲ್ಲ ಅಡ್ಡಾದಿಡ್ಡಿ. ಸ್ವಲ್ಪ ನಕಲು ಸರಿಯಾಗಿಯೂ ಬರುತ್ತದೆ, ಆದರೆ ಸಾಲದು. ಆಕೆಯನ್ನು ಕಾಪಾಡಿದ್ದು ಇನ್ನೊಬ್ಬ ಪೋಷಕರಿಂದ ಬಂದ ಸರಿಯಾದ ಜೀನ್.

ಹಿಮೋಗ್ಲೋಬಿನ್ ಕಡಿಮೆ ಕಂಡ ಕೂಡಲೇ ಐರನ್ ಬರೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಸುಮ್ನೆ ವರ್ಷಗಟ್ಟಲೆ ನುಂಗಿಸುವ ಬದಲು ಒಮ್ಮೆ ಫೆರಿಟಿನ್ ನೋಡಬಾರದೇ?

ಗಂಡನನ್ನೂ ಕರೆಸಿದೆವು. ಇಬ್ಬರಲ್ಲೂ ತಪ್ಪಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಜೀನ್ ಕೆಟ್ಟಿರುವ ಥಲಸೇಮಿಯಾ ಮೇಜರ್ ಬರುವ ಸಾಧ್ಯತೆ ಶೇ. 25. ಆ ಹುಡುಗ ಹೆದರಿಕೊಂಡೇ ಕೈ ಚಾಚಿದ. ಅವನ ಎಚ್‌ಬಿಎ2 2.7 ಬಂತು, ಕಣಗಳ ಗಾತ್ರವೂ ಸರಿಯಿತ್ತು.

"ಹಂಗಾದ್ರೆ ಗುಳಿಗೆ?" ಅಂದಳು ಆಕೆ. ಈ ರಿಪೋರ್ಟ್ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಅವರೇ ನಿಲ್ಲಿಸುತ್ತಾರೆ ಅಂದೆ.